ಸಂತೆ ಎಬ್ಬಿಸಿದ ವರ್ಷ

ನಮ್ಮೂರಿನ ಸಂತೆ ಮಂಗಳವಾರ. ಹಳ್ಳಿಮೈಸೂರಿನ ಕಡೆಯಿಂದ ಮದುವೆಯಾಗಿ ನಾನು ಈ ಊರಿಗೆ ಬಂದಾಗ ಸಂತೆ ಈಶ್ವರನ ಗುಡಿಯ ಮೈಗೆ ಅಂಟಿಕೊಂಡೇ ಕೂರುತ್ತಿತ್ತು. ಮುಖಮಂಟಪದ ಕಲ್ಲಿನ ಕಂಬಗಳಿಗೆ ಹಗ್ಗ ಬಿಗಿದು ಟಾರ್ಪಾಲು ಕಟ್ಟುತ್ತಿದ್ದರು. ಜಗಲಿಯ ಮೇಲೆ ಒಣಮೆಣಸಿನಕಾಯಿ ರಾಶಿ, ಹಿಂದಿನ ನೆರಳಿನಲ್ಲಿ ಈರುಳ್ಳಿ, ಆಲೂಗೆಡ್ಡೆ. ಗುಡಿಯ ಎದುರು ನೆಟ್ಟಿದ್ದ ಎರಡು ವೀರಗಲ್ಲುಗಳಿಗೆ ಕುರಿ ಕಟ್ಟುತ್ತಿದ್ದರು. ಕತ್ತಿ ಎತ್ತಿ ನಿಂತ ವೀರನ ಎದೆಗೆ ಅಡ್ಡಲಾಗಿ ಹಗ್ಗ ಸುತ್ತಿ, ಅದರ ತುದಿಯಲ್ಲಿ ಟಗರೊಂದು ಹುಲ್ಲು ಮೇಯುತ್ತಾ ನಿಂತಿರುವುದನ್ನು ನೋಡಿ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲೆ ಅದೂ ಅಭ್ಯಾಸವಾಯಿತು.

ನಮ್ಮತ್ತೆ ಕೂರುತ್ತಿದ್ದುದು ಗುಡಿಯ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು. ಮಾರುತ್ತಿದ್ದುದು ಬೀಜ. ಸೋರೆ, ಹೀರೆ, ಪಡವಲ, ಕುಂಬಳ, ಚಪ್ಪರದವರೆ, ಬದನೆ, ಎಲ್ಲವನ್ನೂ ಬೂದಿಯಲ್ಲಿ ಹೊರಳಿಸಿ ಹಳೆ ಸೀರೆಯ ತುಂಡುಗಳಲ್ಲಿ ಗಂಟು ಕಟ್ಟಿ ಒಂದು ಬಿದಿರು ಬುಟ್ಟಿಯಲ್ಲಿ ತುಂಬಿಕೊಂಡು ಹೊರಡುತ್ತಿದ್ದರು. ನಮ್ಮದು ಜಮೀನಿದ್ದ ಮನೆ. ಹೊಗೆಸೊಪ್ಪು, ರಾಗಿ, ಆಲೂಗೆಡ್ಡೆ ಬೆಳೆಯುತ್ತಿದ್ದೆವು. ಬೀಜ ಮಾರಿ ಬದುಕಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ನನ್ನ ಯಜಮಾನರಿಗೆ ತಾಯಿ ಸಂತೆಯಲ್ಲಿ ಕೂರುವುದು ಒಂದಿಷ್ಟೂ ಸರಿಬರುತ್ತಿರಲಿಲ್ಲ. ಆದರೆ ಅತ್ತೆಗೆ ಸಂತೆಯೆಂದರೆ ವ್ಯಾಪಾರವಾಗಿರಲಿಲ್ಲ. ಮಲ್ಲಿಪಟ್ಟಣ, ಕೊಣನೂರು, ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ಅಲ್ಲಿಗೆ ಬರುತ್ತಿದ್ದರು. ಯಾರ ಮನೆಯಲ್ಲಿ ಬಾಣಂತನ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಎಮ್ಮೆ ಗಬ್ಬ ಕಟ್ಟಿದೆ, ಎಲ್ಲ ಸುದ್ದಿಯೂ ಆ ಗೋಡೆಯ ಬುಡಕ್ಕೆ ಬಂದು ಸೇರುತ್ತಿತ್ತು. ಮಿಕ್ಕ ಆರು ದಿನ ಅತ್ತೆ ಆ ಸುದ್ದಿಗಳನ್ನು ನಮಗೆ ಹಂಚುತ್ತಿದ್ದರು.

ತೊಂಬತ್ತರ ದಶಕದಲ್ಲಿ ಪಂಚಾಯಿತಿಗೆ ಹೊಸ ಕಾನೂನು ಬಂದು ಹೆಂಗಸರಿಗೂ ಜಾಗ ಮೀಸಲಾಯಿತು. ಮೊದಲ ಸಲ ನಮ್ಮ ಕೇರಿಯಿಂದ ಗಂಡಸರೇ ನಿಂತಿದ್ದರು. ಎರಡನೆಯ ಸಲದ ಚುನಾವಣೆಯಲ್ಲಿ ಸೀಟು ಹೆಂಗಸರ ಪಾಲಿಗೆ ಬಂತು. ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು ಎಂಬ ಒಂದೇ ಕಾರಣಕ್ಕೆ ಊರಿನವರು ನನ್ನ ಹೆಸರು ಹಾಕಿದರು. ಎದುರಿಗೆ ಯಾರೂ ನಿಲ್ಲಲಿಲ್ಲ. ಗೆದ್ದವರೆಲ್ಲ ಸೇರಿದಾಗ ಅಧ್ಯಕ್ಷರ ಸ್ಥಾನವೂ ಹೆಂಗಸರಿಗೇ ಎಂದು ತಿಳಿಯಿತು. ಉಳಿದ ಇಬ್ಬರು ಹೆಂಗಸರು ನನ್ನ ಮುಖ ನೋಡಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಹೊರಗಡೆ ಕಿಟಕಿಯ ಹತ್ತಿರ ನಿಂತಿದ್ದರು, ತಲೆಯಾಡಿಸಿದರು. ಹಾಗೆ ಅಧ್ಯಕ್ಷೆಯಾದೆ.

ಮೊದಲ ಕೆಲವು ವಾರ ಯಜಮಾನರೂ ನನ್ನ ಜೊತೆ ಕಚೇರಿಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕಾರ್ಯದರ್ಶಿ ಕಾಗದಗಳನ್ನು ಅವರ ಮುಂದೆಯೇ ಇಡುತ್ತಿದ್ದ. ಅವರು ಓದಿ, ನನ್ನ ಕಡೆ ತಳ್ಳಿ, ನಾನು ಸಹಿ ಹಾಕುವುದು ಎಂದು ವ್ಯವಸ್ಥೆಯಾಗಿತ್ತು. ಆದರೆ ಹೊಲದಲ್ಲಿ ಓಡಾಡಿ ಬೆಳೆದ ಮೈ ಅದು. ಒಂದು ಗಂಟೆ ಕೂತಿರುವುದೆಂದರೆ ಅವರಿಗೆ ಶಿಕ್ಷೆ. ಅದರಲ್ಲೂ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಒಣಗಿಸುವ ಮನೆ, ಬ್ಯಾರನ್ನಿನ ಬೆಂಕಿ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಮನಸ್ಸೆಲ್ಲ ಅಲ್ಲೇ.

"ಕುಂತು ಕುಂತು ಸೊಂಟ ಇಡ್ಕಂತದೆ ಕಣೆ. ನೀನೇ ಓದಿದ್ದೀಯಲ್ಲ, ನೀನೇ ನೋಡ್ಕ," ಎಂದು ಒಂದು ದಿನ ಎದ್ದು ಹೋದರು. ಮತ್ತೆ ಬರಲಿಲ್ಲ. ಕಾರ್ಯದರ್ಶಿ ಸ್ವಲ್ಪ ಹೊತ್ತು ಖಾಲಿ ಕುರ್ಚಿಯನ್ನು ನೋಡಿ, ಕಾಗದಗಳನ್ನು ನನ್ನ ಕಡೆ ತಿರುಗಿಸಿದ.

ಆ ವರ್ಷ ಹಾಸನದಲ್ಲಿ ಜಿಲ್ಲೆಯ ಪಂಚಾಯಿತಿ ಅಧ್ಯಕ್ಷರದ್ದೆಲ್ಲ ಒಂದು ಸಭೆ ಕರೆದಿದ್ದರು. ಬೆಳಗಿನ ಬಸ್ಸಿಗೆ ಕಾರ್ಯದರ್ಶಿಯ ಜೊತೆ ಹೋದೆ. ದೊಡ್ಡ ಸಭಾಂಗಣ, ಮೇಲೆ ಫ್ಯಾನುಗಳು, ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆಯ ಗಂಡಸರು, ಹಿಂದಿನ ಸಾಲುಗಳಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ನಾವು. ಒಬ್ಬ ಅಧಿಕಾರಿ ಮಾತಾಡಿದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ದೇಶವಿದೇಶದಿಂದ ಜನ ಬರುತ್ತಾರೆ, ಆದರೆ ಈ ಜಿಲ್ಲೆಯಲ್ಲಿ ಹಳ್ಳಿಗೊಂದು ಹಳೆಯ ಗುಡಿಯಿದೆ, ಅವನ್ನೂ ಜನ ನೋಡುವಂತೆ ಮಾಡಬೇಕು, ಯಾವ ಪಂಚಾಯಿತಿ ತನ್ನ ಗುಡಿಯ ಸುತ್ತಲಿನ ಜಾಗವನ್ನು ತೆರವು ಮಾಡಿಕೊಡುತ್ತದೋ ಅಲ್ಲಿಗೆ ಕಾಂಪೌಂಡು, ಹುಲ್ಲುಹಾಸು, ರಸ್ತೆಯಲ್ಲಿ ಬೋರ್ಡು ಹಾಕಿಸಿಕೊಡುತ್ತೇವೆ ಎಂದರು.

ನನ್ನ ಪಕ್ಕ ಚನ್ನರಾಯಪಟ್ಟಣದ ಕಡೆಯ ಅಧ್ಯಕ್ಷೆಯೊಬ್ಬರು ಕೂತಿದ್ದರು. ನನಗಿಂತ ದೊಡ್ಡವರು. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಬೆಳಗೊಳದ ಬೆಟ್ಟಕ್ಕೆ ಓಗೋ ಬಸ್ಸೆಲ್ಲ ನಮ್ಮೂರ್ ಮೇಲೇ ಓಯ್ತವೆ ಕಣವ್ವ. ಬೋರ್ಡೂ ಐತೆ. ಒಬ್ರೂ ಇಳಿಯಾಕಿಲ್ಲ," ಎಂದು ನಕ್ಕರು.

ನಾನೂ ನಕ್ಕೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಬೋರ್ಡೇ. ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರಿನ ಹೆಸರು, ಕೆಳಗೆ ಬಾಣದ ಗುರುತು, ಪಕ್ಕದಲ್ಲಿ ಗುಡಿಯ ಚಿತ್ರ. ಎಲ್ಲಿಂದಲೋ ಬಂದವರು ಆ ಹೆಸರು ಓದಿ ಕಾರು ತಿರುಗಿಸಬೇಕು. ನನಗೆ ಆಸೆಯಾಯಿತು ಎಂದು ಹೇಳಲು ಈಗ ಸಂಕೋಚವೇನೂ ಇಲ್ಲ. ಆ ಕುರ್ಚಿಯಲ್ಲಿ ಕೂತು ಅದುವರೆಗೆ ನಾನು ಮಾಡಿದ್ದು ಬೋರ್‌ವೆಲ್ಲಿನ ಮೋಟಾರು ರಿಪೇರಿ, ಚರಂಡಿ, ಬೀದಿದೀಪದ ಬಲ್ಬು ಇವೇ ಆಗಿದ್ದವು.

ಕೆಲವು ದಿನಗಳಲ್ಲಿ ಒಬ್ಬ ಎಂಜಿನಿಯರ್ ಬಂದು ಗುಡಿಯ ಸುತ್ತ ಟೇಪು ಹಿಡಿದು ಅಳೆದರು. ಬಂದದ್ದು ಮಂಗಳವಾರವೇ. ಟೇಪಿನ ತುದಿ ಹಿಡಿದುಕೊಂಡ ಹುಡುಗ ಮೆಣಸಿನಕಾಯಿ ರಾಶಿ ದಾಟಲಾರದೆ ಸೀನುತ್ತಾ ನಿಂತ. ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಈ ಸಂತೆ ಇಲ್ಲಿ ಇರೋವರೆಗೂ ಏನೂ ಮಾಡಕ್ಕಾಗಲ್ಲ. ಇದನ್ನ ಎಬ್ಬಿಸಿ, ಆಮೇಲೆ ಹೇಳಿ," ಎಂದರು.

ಅವರ ಮಾತು ನನಗಿಂತ ಮೊದಲೇ ಮನೆ ತಲುಪಿತ್ತು. ಸಂಜೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಬೀಜದ ಗಂಟುಗಳನ್ನು ಎಣಿಸುವಂತೆ ನಟಿಸುತ್ತಿದ್ದರು.

"ಸಂತೆ ಎಬ್ಬಿಸ್ತೀಯಂತೆ?"

"ಇನ್ನೂ ಏನೂ ತೀರ್ಮಾನ ಆಗಿಲ್ಲ ಅತ್ತೆ. ಕೆರೆ ಏರಿ ಕೆಳಗೆ ಬಯಲಿದೆಯಲ್ಲ, ಅಲ್ಲಿಗೆ ಹಾಕಿದರೆ ಹೇಗೆ ಅಂತ."

"ಅಂಗಾದ್ರೆ ನಾನೂ ಏಳ್ಬೇಕಾ?"

ಗಂಟುಗಳನ್ನು ಬುಟ್ಟಿಗೆ ಹಾಕುತ್ತಾ ಅವರೇ ಹೇಳಿದರು: "ನಿಮ್ಮ ಪಂಚಾಯ್ತಿ ನೆನ್ನೆ ಮೊನ್ನೆದು ಕಣವ್ವ. ಸಂತೆ ನಮ್ಮತ್ತೆ ಕಾಲದ್ದು. ಅವರತ್ತೆನೂ ಅಲ್ಲೇ ಕೂತಿದ್ರಂತೆ."

ಊರಿನಲ್ಲಿ ಎರಡು ಪಕ್ಷವಾಯಿತು. ಗುಡಿ ಮೊದಲೋ ಸಂತೆ ಮೊದಲೋ ಎಂದು ಕಟ್ಟೆಯ ಮೇಲೆ ಚರ್ಚೆ ಶುರುವಾಯಿತು. ಗುಡಿಯ ಬಲಗಡೆ ಒಂದು ಶಾಸನದ ಕಲ್ಲಿತ್ತು. ಅರ್ಧ ಮಣ್ಣಿನಲ್ಲಿ ಹೂತಿತ್ತು. ಅದರಲ್ಲಿ ಸಂತೆಯ ವಿಷಯ ಖಂಡಿತ ಇದೆ, ರಾಜರೇ ಸಂತೆಗೆ ಜಾಗ ಬರೆದುಕೊಟ್ಟಿದ್ದಾರೆ ಎಂದು ಒಬ್ಬ ಸದಸ್ಯರು ಹಟ ಹಿಡಿದರು. ಓದುವವರು ಯಾರು? ಗುಡಿಯ ಪೂಜೆಗೆ ರಾಮನಾಥಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅರ್ಚಕರಿಗೆ ಹಾಸನದ ಕಾಲೇಜೊಂದರ ಇತಿಹಾಸದ ಅಧ್ಯಾಪಕರ ಪರಿಚಯವಿತ್ತು. ಅರ್ಚಕರೂ ಮೇಷ್ಟರೇ. ವಾರದ ದಿನ ಕೊಣನೂರಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು, ಬೆಳಗ್ಗೆ ಸಂಜೆ ಈಶ್ವರನಿಗೆ ನೀರು ಹಾಕುತ್ತಿದ್ದರು. ಅವರೇ ಅಧ್ಯಾಪಕರನ್ನು ಕರೆತಂದರು.

ಒಂದು ಭಾನುವಾರ. ಕಲ್ಲಿನ ಬುಡ ಅಗೆಸಿ, ತೊಳೆಸಿ, ಅಕ್ಕಿ ಹಿಟ್ಟು ಸವರಿದ್ದೆವು. ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಊರಿಗೆ ಊರೇ ಸುತ್ತ ನಿಂತಿತ್ತು. ಅಧ್ಯಾಪಕರು ಮಂಡಿಯೂರಿ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದೇ ಸಾಲನ್ನು ಬೆರಳಿನಲ್ಲಿ ಹಿಡಿದು ಓದಿದರು. ಯಾವನೋ ಒಬ್ಬ ಗೌಡ, ಕೆರೆಯ ಕೆಳಗಿನ ಒಂದಿಷ್ಟು ಗದ್ದೆಯನ್ನು ದೇವರ ದೀಪದ ಎಣ್ಣೆಗೆ ಬಿಟ್ಟಿದ್ದಾನೆ. ಅದನ್ನು ಕೆಡಿಸಿದವರಿಗೆ ಪಾಪ ಬರಲಿ ಎಂದಿದೆ. ಮುಗಿಯಿತು.

"ಸಂತೆ ವಿಸ್ಯ?" ಎಂದು ಸದಸ್ಯರು ಕೇಳಿದರು.

"ಇಲ್ಲ. ಸಂತೆ ಅನ್ನೋ ಮಾತೇ ಇದರಲ್ಲಿಲ್ಲ," ಎಂದರು ಅಧ್ಯಾಪಕರು, ಸ್ವಲ್ಪ ಬೇಸರದಿಂದಲೇ. ಅವರಿಗೂ ಏನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿರಬೇಕು.

ಗುಂಪಿನ ಹಿಂದಿನಿಂದ ಅತ್ತೆಯ ದನಿ ಬಂತು. "ಬರ್ದಿಲ್ಲ ಅಂದ್ರೆ ಇರ್ಲಿಲ್ವಾ? ನನ್ನ ಮದ್ವೆನೂ ಎಲ್ಲೂ ಬರ್ದಿಲ್ಲ. ಅಂಗಂತ ನಾನು ಮದ್ವೆ ಆಗ್ಲಿಲ್ವಾ?"

ಎಲ್ಲರೂ ಹೋ ಎಂದು ನಕ್ಕರು. ಅಧ್ಯಾಪಕರಂತೂ ಎದ್ದು ನಿಂತು ಅವರಿಗೆ ಕೈಮುಗಿದರು. ಆ ಹೊತ್ತಿಗೆ ಸಂತೆಯ ಪಕ್ಷವೇ ಗೆದ್ದಂತೆ ಇತ್ತು. ನನಗೂ ಅಷ್ಟೇ, ಬೋರ್ಡಿನ ಆಸೆ ಅರ್ಧ ಇಳಿದುಹೋಗಿತ್ತು. ಮನೆಯಲ್ಲಿ ನೆಮ್ಮದಿಯಿದ್ದರೆ ಸಾಕು ಅನ್ನಿಸತೊಡಗಿತ್ತು.

ಅದಾದ ಮೇಲೆ ಮಳೆ ಹಿಡಿಯಿತು. ಒಂದು ಬುಧವಾರ ಬೆಳಗ್ಗೆ ಅರ್ಚಕರು ಸೈಕಲ್ಲನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದರು. "ಅಮ್ಮಾ, ಒಂದು ಸಲ ಗುಡಿ ಹತ್ತಿರ ಬನ್ನಿ," ಎಂದರು. ಹೋಗಿ ನೋಡಿದರೆ ಹಿಂಬದಿಯ ಸೂರಿನ ಒಂದು ಕಲ್ಲುಚಪ್ಪಡಿ ಕಳಚಿ ಕೆಳಗೆ ಬಿದ್ದಿತ್ತು. ಚಪ್ಪಡಿಯ ಅಂಚಿನಲ್ಲಿ ಟಾರ್ಪಾಲಿನ ಹಗ್ಗ ವರ್ಷಗಟ್ಟಲೆ ಉಜ್ಜಿ ಉಜ್ಜಿ ಆಳವಾದ ಗೀರು ಬಿದ್ದಿತ್ತು. ಕಲ್ಲು ಬಿದ್ದ ಜಾಗದಲ್ಲಿ ನೆಲ ಒಂದು ಗೇಣು ಇಳಿದಿತ್ತು. ಸುತ್ತ ಈರುಳ್ಳಿ ಸಿಪ್ಪೆ. ಹಿಂದಿನ ದಿನ ಸಂಜೆಯವರೆಗೆ ಈರುಳ್ಳಿ ಮಾರುವವಳು ತನ್ನ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅಲ್ಲೇ ಕೂತಿದ್ದಳು.

ಅತ್ತೆಯೂ ಹಿಂದೆಯೇ ಬಂದಿದ್ದರು. ಅವರು ಆ ಕಲ್ಲನ್ನು ನೋಡಿ, ಮೇಲಿನ ಸೂರನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಗೆ ಹೊರಟುಹೋದರು.

ಗ್ರಾಮಸಭೆ ಶಾಲೆಯ ಮುಂದೆ ನಡೆಯಿತು. ಅಷ್ಟು ಜನ ಸೇರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಾಮಾನ್ಯವಾಗಿ ಗ್ರಾಮಸಭೆಗೆ ಮನೆ ಬೇಕಾದವರು, ಪಿಂಚಣಿ ಬೇಕಾದವರು ಬಂದು ಕೂಗಾಡಿ ಹೋಗುತ್ತಿದ್ದರು. ಅವತ್ತು ಹೆಂಗಸರೇ ಹೆಚ್ಚು. ಸಂತೆಯಲ್ಲಿ ಕೂರುವವರೆಲ್ಲ ಒಂದು ಕಡೆ, ಅವರ ಮುಂದೆ ನಮ್ಮತ್ತೆ. ನಾನು ಮೇಜಿನ ಈಚೆ. ಯಜಮಾನರು ಇಬ್ಬರ ಕಣ್ಣಿಗೂ ಬೀಳದಂತೆ ಬೇವಿನ ಮರದ ಹಿಂದೆ ಬೀಡಿ ಸೇದುತ್ತಾ ನಿಂತಿದ್ದರು.

ನಾನು ಕಲ್ಲು ಬಿದ್ದದ್ದನ್ನು ಹೇಳಿದೆ. ಬಯಲಿಗೆ ಒಂದು ನಲ್ಲಿ ಹಾಕಿಸುತ್ತೇವೆ, ಕೂರುವುದಕ್ಕೆ ಕಟ್ಟೆ ಕಟ್ಟಿಸುತ್ತೇವೆ, ನೆರಳಿಗೆ ಹೊಂಗೆ ಗಿಡ ನೆಡುತ್ತೇವೆ ಎಂದೆ.

ಅತ್ತೆ ಎದ್ದು ನಿಂತರು. ನನ್ನನ್ನು ಸೊಸೆಯೆಂದು ಕರೆಯಲಿಲ್ಲ. "ಅದ್ಯಕ್ಷರೇ," ಎಂದರು. "ಕಲ್ಲು ಬಿದ್ದದ್ದು ಬುಧವಾರ. ಮಂಗ್ಳಾರ ಬೀಳ್ಲಿಲ್ಲ. ಸಂತೆ ಯಾವತ್ತು ಅಂತ ಈಸ್ವರನಿಗೆ ಗೊತ್ತು."

ಹೆಂಗಸರೆಲ್ಲ ಹೌದು ಹೌದು ಎಂದರು. ಕಾರ್ಯದರ್ಶಿ ನನ್ನ ಮುಖ ನೋಡಿದ. ನನ್ನ ಬಾಯಿಗೆ ಆ ಕ್ಷಣ ಬಂದದ್ದನ್ನು ಹೇಳಿಬಿಟ್ಟೆ. "ಮುಂದಿನ ಸಲ ಅವನಿಗೆ ವಾರ ಮರೆತುಹೋದರೆ ಏನು ಮಾಡೋದು ಅತ್ತೆ?"

ಗಂಡಸರ ಕಡೆಯಿಂದ ಮೊದಲು ನಗು ಎದ್ದಿತು. ಆಮೇಲೆ ಹೆಂಗಸರೂ ನಕ್ಕರು. ಈರುಳ್ಳಿ ಮಾರುವವಳು ನಗಲಿಲ್ಲ. ಅವಳು ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು. "ನಾ ಅಲ್ಲಿ ಕೂರಾಕಿಲ್ಲ ಕಣವ್ವ ಇನ್ಮೇಲೆ. ಬಯಲಾದ್ರೂ ಸರಿ, ಏನಾದ್ರೂ ಸರಿ," ಎಂದಳು. ಅಲ್ಲಿಗೆ ತೀರ್ಮಾನವಾದಂತಾಯಿತು. ಕೈ ಎತ್ತಿಸಿದಾಗ ಹೆಚ್ಚಿನವರು ಎತ್ತಿದರು. ಅತ್ತೆ ಎತ್ತಲಿಲ್ಲ. ಬೇವಿನ ಮರದ ಹಿಂದಿನಿಂದಲೂ ಯಾವ ಕೈಯೂ ಮೇಲೆ ಬರಲಿಲ್ಲ.

ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಜಗಳವೇನೂ ಇಲ್ಲ. ಊಟಕ್ಕೆ ಬರುತ್ತಿದ್ದರು, ಮಕ್ಕಳಿಗೆ ತಲೆ ಬಾಚುತ್ತಿದ್ದರು, ಹಾಲು ಕರೆಯುತ್ತಿದ್ದರು. ನನಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ಉಪ್ಪು ಮುಗ್ದೈತೆ ಕಣೆ," ಎಂದು ಬೆಕ್ಕಿನ ಕಡೆ ನೋಡಿ ಹೇಳಿದರೆ ನಾನು ಉಪ್ಪು ತರಿಸುತ್ತಿದ್ದೆ. ಯಜಮಾನರು ಇದನ್ನೆಲ್ಲ ನೋಡಿಯೂ ನೋಡದವರಂತೆ ಬ್ಯಾರನ್ನಿನ ಹತ್ತಿರವೇ ಹೆಚ್ಚು ಹೊತ್ತು ಕಳೆಯತೊಡಗಿದರು.

ಬಯಲಿನ ಮೊದಲ ಸಂತೆ ಕೆಟ್ಟುಹೋಯಿತು. ಹಿಂದಿನ ದಿನ ಮಳೆಯಾಗಿ ಕೆಸರು. ನಲ್ಲಿಯ ಪೈಪು ಬಂದಿತ್ತು, ನಲ್ಲಿ ಬಂದಿರಲಿಲ್ಲ. ಕಟ್ಟೆಯ ಕಲ್ಲುಗಳನ್ನು ಒಂದು ಮೂಲೆಯಲ್ಲಿ ಇಳಿಸಿದ್ದರು, ಅಷ್ಟೇ. ಮೆಣಸಿನಕಾಯಿಯವನು ಬಂದು, ನೆಲ ನೋಡಿ, ಚೀಲ ಇಳಿಸದೆಯೇ ಕೊಣನೂರಿನ ಬಸ್ಸು ಹತ್ತಿದ. ಕುರಿಯವರು ಮೇಕೆ ಕುರಿಗಳನ್ನು ಗಾಡಿಗೆ ಕಟ್ಟಿಕೊಂಡು ಅರ್ಧ ದಿನ ನಿಂತು ಹೊರಟರು. ಹೆಂಗಸರು ಬಂದರೂ ಗುಂಪಾಗಿ ನಿಂತು ಅಲ್ಲಿ ಇಲ್ಲಿ ನೋಡುತ್ತಿದ್ದರು. ನನಗೆ ಕಾರಣ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ನಮ್ಮತ್ತೆ ಎಲ್ಲಿ ಕೂತಿದ್ದಾರೆಂದು ಹುಡುಕುತ್ತಿದ್ದರು. ಹಳೆಯ ಸಂತೆಯಲ್ಲಿ ಎಲ್ಲರೂ ತಮ್ಮ ಜಾಗವನ್ನು ಹೇಳುತ್ತಿದ್ದುದೇ ಅವರಿಂದ. ಬೀಜದಮ್ಮನ ಎಡಕ್ಕೆ, ಬೀಜದಮ್ಮನ ಎದುರಿಗೆ, ಬೀಜದಮ್ಮ ದಾಟಿ ಮೂಲೆಯಲ್ಲಿ. ಬೀಜದಮ್ಮ ಬಂದಿರಲಿಲ್ಲ. ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು.

ಮುಂದಿನ ಮಂಗಳವಾರದ ಹೊತ್ತಿಗೆ ನಲ್ಲಿ ಹಾಕಿಸಿದೆ. ಕೆಸರಿಗೆ ಜಲ್ಲಿ ಹೊಯ್ಯಿಸಿದೆ. ಆದರೂ ಮನಸ್ಸಿಗೆ ಧೈರ್ಯವಿರಲಿಲ್ಲ. ಬೆಳಗ್ಗೆ ಎದ್ದವಳು ಅಟ್ಟದ ಕೆಳಗೆ ಬಿದಿರು ಬುಟ್ಟಿ ಕಂಡೆ. ಗಂಟುಗಳೆಲ್ಲ ಹಾಗೇ ಇದ್ದವು. ಪಕ್ಕದಲ್ಲಿ ಮಡಕೆಯೊಂದರಲ್ಲಿ ಇನ್ನೂ ಕೆಲವು ಗಂಟುಗಳಿದ್ದವು. ಅವನ್ನೂ ಬುಟ್ಟಿಗೆ ಸುರುವಿಕೊಂಡೆ. ಅತ್ತೆ ಹಿತ್ತಿಲಿನಲ್ಲಿದ್ದರು. ಯಜಮಾನರು ಹಲ್ಲುಜ್ಜುತ್ತಾ ನಿಂತಿದ್ದವರು ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಎಲ್ಲಿಗೆ?" ಎಂದರು.

"ಸಂತೆಗೆ."

"ಅದ್ಯಕ್ಷಿಣಿ ಸಂತೇಲಿ ಕೂರ್ತಾಳಾ?"

"ಬೇರೆ ಯಾರೂ ಕೂರ್ತಾ ಇಲ್ಲವಲ್ಲ," ಎಂದು ಹೊರಟೆ.

ಬಯಲಿನ ನಡುವೆ ಒಂದು ಗೋಣಿಚೀಲ ಹಾಸಿ ಕೂತೆ. ನಾಚಿಕೆಯೆಂದರೆ ನಾಚಿಕೆ. ಮೈಯೆಲ್ಲ ಕಣ್ಣು ಚುಚ್ಚಿದ ಹಾಗೆ. ಆದರೆ ಅರ್ಧ ಗಂಟೆಯಲ್ಲಿ ಈರುಳ್ಳಿಯವಳು ಬಂದು, "ಅಂಗಾದ್ರೆ ನಾನು ಇಲ್ಲಿ," ಎಂದು ನನ್ನ ಎಡಕ್ಕೆ ಚೀಲ ಇಳಿಸಿದಳು. ಆಮೇಲೆ ಸೊಪ್ಪಿನವರು ಎದುರಿಗೆ ಕೂತರು. ಬಳೆಯವನು ಮೂಲೆ ಹಿಡಿದ. ಬಿಸಿಲು ಏರುವಷ್ಟರಲ್ಲಿ ಮೆಣಸಿನಕಾಯಿಯ ಘಾಟೂ ಬಂತು. ನನ್ನ ಬೀಜಕ್ಕೂ ಗಿರಾಕಿಗಳು ಬಂದರು. ಮಳೆ ಬಿದ್ದು ನೆಲ ಹದವಾಗಿತ್ತು, ಎಲ್ಲರಿಗೂ ಬಿತ್ತನೆಯ ಆತುರ. ಕೇಳಿದವರಿಗೆ ಕೇಳಿದಷ್ಟು ಹಿಡಿ ತುಂಬ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಮುಕ್ಕಾಲು ಖಾಲಿ. ನನಗೆ ಹೆಮ್ಮೆಯೇ ಆಯಿತು.

ಆಗ ಏರಿಯ ಮೇಲಿನಿಂದ ಅತ್ತೆ ಇಳಿದು ಬರುವುದು ಕಾಣಿಸಿತು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಓಡುವುದೋ ನಡೆಯುವುದೋ ತಿಳಿಯದ ಹಾಗೆ ಬರುತ್ತಿದ್ದರು. ನೇರವಾಗಿ ನನ್ನ ಮುಂದೆ ನಿಂತರು. ಬೆಕ್ಕು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ.

"ಮಡಕೇಲಿದ್ದುದ್ನ ಏನ್ ಮಾಡ್ದೆ?"

"ಅದನ್ನೂ ತಂದೆ ಅತ್ತೆ. ಒಳ್ಳೇ ವ್ಯಾಪಾರ ಆಯ್ತು."

"ಅಯ್ಯೋ ಮೂದೇವಿ, ಮನೆ ಬಿತ್ನೆನೇ ಮಾರ್ಬುಟ್ಯಾ? ನಮ್ಮ ಹಿತ್ಲಿಗೆ ಇಟ್ಟಿದ್ದು ಕಣೆ ಅದು! ಚಪ್ಪರದವರೆ ನಮ್ಮವ್ವನ ಮನೆಯಿಂದ ತಂದಿದ್ದು. ಯಾರ್‌ಗೆ ಕೊಟ್ಟೆ? ಹೇಳು, ಯಾರ್‌ಗೆ ಕೊಟ್ಟೆ?"

ನನಗೆ ಯಾರ ಮುಖವೂ ಸರಿಯಾಗಿ ನೆನಪಿರಲಿಲ್ಲ. ಅತ್ತೆ ನನ್ನನ್ನು ಗೋಣಿಚೀಲದಿಂದ ಎಬ್ಬಿಸಿ ತಾವು ಕೂತರು. ಅಲ್ಲಿಂದಲೇ ಕೂಗು ಹಾಕತೊಡಗಿದರು. "ಲೇ ಇವಳೇ, ಅವರೆ ತಕ್ಕಂಡೇನೆ? ಬಾ ಇಲ್ಲಿ. ಸೆರಗು ಬಿಚ್ಚು ನೋಡಾನ." ಒಬ್ಬೊಬ್ಬರಾಗಿ ಬಂದರು. ಸೆರಗಿನ ಗಂಟು ಬಿಚ್ಚಿದರು. ಅತ್ತೆ ಅವರ ಹಿಡಿಯಿಂದ ಅರ್ಧ ವಾಪಸು ತೆಗೆದುಕೊಂಡು, ಅದರ ಬದಲಿಗೆ ಹೀರೆಯೋ ಪಡವಲವೋ ಹಾಕಿ, ಅವರ ಮನೆಯ ಸುದ್ದಿಯನ್ನೂ ಕೇಳಿ ಕಳಿಸಿದರು. ಬಂದವರು ಎದ್ದು ಹೋಗಲಿಲ್ಲ. ವಾರಗಟ್ಟಲೆ ಕೂಡಿಟ್ಟ ಮಾತು ಎಲ್ಲರ ಹತ್ತಿರವೂ ಇತ್ತು. ಸಂಜೆ ಟಾರ್ಪಾಲು ಬಿಚ್ಚುವ ಹೊತ್ತಿಗೂ ಅತ್ತೆ ಅಲ್ಲೇ ಇದ್ದರು. ನಾನು ಬುಟ್ಟಿ ಎತ್ತಿಕೊಂಡೆ. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು. "ಆ ಜಾಗ ಇಳಿಜಾರು. ಕಟ್ಟೆನ ಬಡಗ್ಲು ಕಡೆ ಕಟ್ಸು."

ಕಟ್ಟೆಯನ್ನು ಬಡಗಲು ಕಡೆಯೇ ಕಟ್ಟಿಸಿದೆವು.

ಗುಡಿಯ ಸುತ್ತ ಎಲ್ಲ ಖಾಲಿಯಾದ ಮೇಲೆ ಹತ್ತಿರ ಹೋಗಿ ನೋಡಿದವರು ಊರಿನಲ್ಲಿ ಬಹಳ ಜನರಿಲ್ಲ. ನಾನು ಅತ್ತೆಯನ್ನು ಕರೆದುಕೊಂಡು ಹೋದೆ. ಮೆಣಸಿನ ಪುಡಿ, ಎಲೆಯಡಿಕೆ ಉಗುಳು, ದೀಪದ ಎಣ್ಣೆ ಎಲ್ಲವನ್ನೂ ಕೂಲಿಯವರು ತೊಳೆದಿದ್ದರು. ದಕ್ಷಿಣದ ಗೋಡೆಯ ಬುಡದಲ್ಲಿ ಒಂದು ಸಾಲು ಹಂಸಗಳು, ಅದರ ಮೇಲೆ ಬಳ್ಳಿ, ಅದರ ಮೇಲೆ ಪುಟ್ಟ ಪುಟ್ಟ ಆನೆಗಳು. ಒಂದೊಂದು ಆನೆಯೂ ಬೇರೆ ಬೇರೆ. ಒಂದು ಸೊಂಡಿಲಿನಿಂದ ಮುಂದಿನದರ ಬಾಲ ಹಿಡಿದಿತ್ತು. ಅತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಆನೆಯ ಬೆನ್ನು ನಯವಾಗಿ ಸವೆದು ಹೊಳೆಯುತ್ತಿತ್ತು.

"ಇದ್ಕೆನಾ ನಾ ಇಷ್ಟು ದಿನ ಬೆನ್ ಕೊಟ್ಟಿದ್ದು?" ಎಂದರು. ಆ ಆನೆಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು. "ವಾಯು ನೋವೇನೋ ಅಂತ ನಾನು ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕಂತಿದ್ದೆ. ಸೊಂಟಕ್ಕೆ ಚುಚ್ತಿದ್ದುದು ಇದ್ರ ದಂತ." ಇಬ್ಬರೂ ಬಹಳ ಹೊತ್ತು ನಕ್ಕೆವು.

ಕಾಂಪೌಂಡು ಬಂತು, ಕಬ್ಬಿಣದ ಗೇಟು ಬಂತು. ಹುಲ್ಲು ಹಾಕಿಸಿದರು. ಬಿದ್ದ ಚಪ್ಪಡಿಯನ್ನು ಮತ್ತೆ ಮೇಲೇರಿಸಿ ಕೂರಿಸಿದರು. ರಸ್ತೆಯಲ್ಲಿ ಬೋರ್ಡೂ ಎದ್ದಿತು. ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ, ಚಿತ್ರವೂ ಇರಲಿಲ್ಲ, ಆದರೆ ಹೆಸರು ಸ್ಪಷ್ಟವಾಗಿತ್ತು. ಗೇಟಿಗೆ ಬೀಗ, ಬೀಗದ ಕೈ ಅರಕಲಗೂಡಿನಿಂದ ನೇಮಿಸಿದ ಒಬ್ಬ ಕಾವಲುಗಾರನ ಹತ್ತಿರ. ಅವನು ಬೆಳಗ್ಗೆ ತಡವಾಗಿ ಬಂದು ಸಂಜೆ ಬೇಗ ಹೋಗುತ್ತಿದ್ದ. ಅರ್ಚಕರು ಎಷ್ಟೋ ದಿನ ಸೈಕಲ್ಲಿನ ಮೇಲೆ ಒಂದು ಕಾಲೂರಿ, ಗೇಟಿನ ಹೊರಗಿನಿಂದಲೇ ಕೈಮುಗಿದು ಶಾಲೆಗೆ ಹೋಗಿದ್ದುಂಟು.

ನೋಡಲು ಬಂದವರು ಹೆಚ್ಚಿಲ್ಲ. ಹೊಳೆನರಸೀಪುರದ ಕಾಲೇಜಿನ ಹುಡುಗ ಹುಡುಗಿಯರು ಒಂದು ಬಸ್ಸಿನಲ್ಲಿ ಬಂದಿದ್ದರು. ಒಮ್ಮೆ ಬಿಳಿಯ ಗಂಡ ಹೆಂಡತಿ ಬಂದು ಇಡೀ ಮಧ್ಯಾಹ್ನ ಆನೆಗಳ ಫೋಟೋ ತೆಗೆದರು. ಉಳಿದ ದಿನ ಅಲ್ಲಿ ಗಾಳಿಯೂ ಸದ್ದಿಲ್ಲದೆ ಓಡಾಡುತ್ತಿತ್ತು. ಅರ್ಚಕರು ಒಂದು ಸಂಜೆ ಪಂಚಾಯಿತಿ ಕಚೇರಿಗೆ ಬಂದು ಕೂತರು. ಅವರು ಹಾಗೆ ಬರುವವರಲ್ಲ.

"ಸಂತೆ ಇದ್ದಾಗ ನಾನೇ ಬೈಕೊಳ್ತಾ ಇದ್ದೆ ಅಮ್ಮಾ. ಮಂತ್ರ ಹೇಳೋಕೆ ಆಗಲ್ಲ, ಬರೀ ಗಲಾಟೆ ಅಂತ. ಆದರೆ ಆ ಗಲಾಟೆಯಲ್ಲೇ ಹತ್ತು ಜನ ಒಳಗೆ ಬಂದು ತೀರ್ಥ ತಗೊಳ್ತಿದ್ದರು. ಈಗ ಗಂಟೆ ಹೊಡೆದರೆ ನನಗೆ ಮಾತ್ರ ಕೇಳಿಸುತ್ತೆ."

"ಸಂತೆನ ವಾಪಸು ಕರ್ಕೊಂಡು ಬರೋಕೆ ಆಗಲ್ಲ ಮೇಷ್ಟ್ರೇ."

"ಬೇಡ, ಬೇಡ. ಗೇಟು ತೆಗೆಸಿದರೆ ಸಾಕು."

ಅದನ್ನು ನಾನು ಅತ್ತೆಗೆ ಹೇಳಿದೆ. ಆ ಹೊತ್ತಿಗೆ ನಾವು ಪಂಚಾಯಿತಿಯ ಎಲ್ಲ ವಿಷಯವನ್ನೂ ಅಡುಗೆಮನೆಯಲ್ಲಿ ಮಾತಾಡುವ ಹಾಗಾಗಿತ್ತು. ಅವರು ರಾಗಿ ಮುದ್ದೆ ತಿರುವುತ್ತಾ, "ಬಯಲಲ್ಲಿ ಹೊಂಗೆ ಇನ್ನೂ ಮೊಣಕಾಲುದ್ದ. ಮಧ್ಯಾನ ಉಣ್ಣಕ್ಕೆ ನೆಳ್ಳಿಲ್ಲ. ಮಂಗ್ಳಾರ ಗೇಟು ತಗ್ಸು, ಬುತ್ತಿ ಬಿಚ್ಕಂಡು ಉಂಡು ಬತ್ತೀವಿ. ಯಾರೂ ಹಗ್ಗ ಕಟ್ಟಾಕಿಲ್ಲ. ನಾ ಹೇಳ್ತೀನಿ ಅವ್ರಿಗೆ," ಎಂದರು.

ಕಾರ್ಯದರ್ಶಿ ಹೆದರಿದ. ಮೇಲಿನಿಂದ ಅನುಮತಿ ಬೇಕು, ಬರೆದು ಕೇಳಬೇಕು, ಉತ್ತರ ಬರಬೇಕು ಎಂದ. ನಾವು ಬರೆದು ಕೇಳಿದೆವು. ಉತ್ತರ ಬರಲಿಲ್ಲ. ನನ್ನ ಅವಧಿ ಮುಗಿಯುತ್ತಾ ಬಂದಿತ್ತು. ಕೊನೆಯ ಸಭೆಯಲ್ಲಿ ಠರಾವು ಇಟ್ಟೆ: ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಗುಡಿಯ ಗೇಟು ತೆರೆದಿರಬೇಕು, ಒಳಗೆ ವ್ಯಾಪಾರ ಕೂಡದು, ಊಟಕ್ಕೂ ದರ್ಶನಕ್ಕೂ ಅಡ್ಡಿಯಿಲ್ಲ. ಶಾಸನದಲ್ಲಿ ಸಂತೆ ಇದೆಯೆಂದು ಹಟ ಹಿಡಿದಿದ್ದ ಸದಸ್ಯರೇ ಅನುಮೋದಿಸಿದರು. ಕಾವಲುಗಾರ ಗೊಣಗಿದ. ಅತ್ತೆ ಅವನಿಗೆ ಒಂದು ಮಂಗಳವಾರ ಅವರೆಕಾಳು ಸಾರು, ಮುದ್ದೆ ತಂದು ಬಡಿಸಿದರು. ಅವನು ಆಮೇಲೆ ಗೊಣಗಲಿಲ್ಲ.

ಮುಂದಿನ ಚುನಾವಣೆಗೆ ನಮ್ಮ ಸೀಟು ಬೇರೆಯವರ ಪಾಲಾಯಿತು. ನಾನು ಮತ್ತೆ ನಿಲ್ಲಲಿಲ್ಲ, ಯಾರೂ ಕೇಳಲೂ ಇಲ್ಲ. ಕಚೇರಿಯಿಂದ ಕೊನೆಯ ದಿನ ಹೊರಟಾಗ ಮಂಗಳವಾರವೇ. ಮನೆಗೆ ಹೋಗುವ ದಾರಿಯಲ್ಲಿ ಗುಡಿಯ ಗೇಟು ತೆರೆದಿತ್ತು. ಜಗಲಿಯ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಅರ್ಚಕರು ತೀರ್ಥದ ಬಟ್ಟಲು ಹಿಡಿದು, ಚಾಚಿದ ಕಾಲುಗಳ ನಡುವೆ ಹೆಜ್ಜೆ ಇಡಲು ಜಾಗ ಹುಡುಕುತ್ತಿದ್ದರು. ಈರುಳ್ಳಿಯವಳು ನನ್ನನ್ನು ನೋಡಿ, "ಬನ್ನಿ ಅಕ್ಕ, ಒಂದ್ ತುತ್ತು," ಎಂದು ಪಕ್ಕಕ್ಕೆ ಸರಿದಳು. ನನಗೂ ಹಸಿವಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.